ಹೊಸ ಮನೆಯ ಜಂತೆಯಿಂದ ಕಣಜ ಹೊರಬಂದರೆ

ಪ್ರಶ್ನೆ: ಜರ್ಮನಿಯ ಮ್ಯೂನಿಕ್ ಹತ್ತಿರ ಮನೆ ಕಟ್ಟಿಸಿ ಎರಡು ವರ್ಷವಾಯಿತು. ಈ ಜುಲೈನಲ್ಲಿ ಚಾವಣಿಯ ಸ್ಪ್ರೂಸ್ ಜಂತೆಗಳಲ್ಲಿ ಪೆನ್ಸಿಲ್ ದಪ್ಪದ ಮೂರು ತೂತು ಕಂಡವು. ಹಳದಿ-ಕಪ್ಪು ಪಟ್ಟೆಯ ದೊಡ್ಡ ಕಣಜವೊಂದು ಕಿಟಕಿಗೆ ಬಡಿದುಕೊಳ್ಳುತ್ತಿತ್ತು, ಹಿಂದೆ ಉದ್ದನೆಯ ಸೂಜಿ. ಚಾವಣಿಗೆಲ್ಲ ಔಷಧಿ ಹೊಡೆಸಬೇಕೆ?

ಉತ್ತರ: ಬೇಡ. ನೀವು ಹೇಳುವ ಲಕ್ಷಣ ಮರಕಣಜದ್ದು, ಬಹುಮಟ್ಟಿಗೆ ಯೂರೋಸೆರಸ್ ಗಿಗಾಸ್. ಆ ಸೂಜಿ ಕುಟುಕುವುದಿಲ್ಲ, ಅದು ಮೊಟ್ಟೆಯಿಡುವ ಕೊಳವೆ.

ಹುಳು ಮರಕ್ಕೆ ಸೇರಿದ್ದು ಕಾಡಿನಲ್ಲೇ. ಸೊರಗಿದ ಅಥವಾ ಆಗಷ್ಟೇ ಕಡಿದ, ತೊಗಟೆ ಇರುವ ಹಸಿ ಮರಕ್ಕೆ ಹೆಣ್ಣು ಕೊಳವೆ ಚುಚ್ಚಿ, ಮೊಟ್ಟೆಯ ಜೊತೆಗೆ ಅಮೈಲೋಸ್ಟೀರಿಯಂ ಎಂಬ ಶಿಲೀಂಧ್ರವನ್ನೂ ಬಿತ್ತುತ್ತದೆ. ಶಿಲೀಂಧ್ರ ಮೆತ್ತಗಾಗಿಸಿದ ಮರವನ್ನು ತಿನ್ನುತ್ತ ಹುಳು ಎರಡು-ಮೂರು ವರ್ಷ ಬೆಳೆಯುತ್ತದೆ. ಅಷ್ಟರಲ್ಲಿ ಆ ದಿಮ್ಮಿ ಜಂತೆಯಾಗಿ ನಿಮ್ಮ ತಲೆಯ ಮೇಲೆ ಕೂತಿರುತ್ತದೆ! ನಮ್ಮೂರ ತೊಲೆ ಕೊರೆಯುವ ಕರಿದುಂಬಿ ಹೊರಗಿನಿಂದ ಒಳಗೆ ಹೋಗುತ್ತದೆ. ಇದು ಒಳಗಿನಿಂದ ಹೊರಗೆ ಬರುತ್ತದೆ, ಅಷ್ಟೆ. ಒಣಗಿದ ಜಂತೆಯಲ್ಲಿ ಮತ್ತೆ ಮೊಟ್ಟೆಯಿಡುವುದಿಲ್ಲ.

ಆದರೂ ತೂತನ್ನು ಟಾರ್ಚ್ ಹಿಡಿದು ನೋಡಿ. ಡ್ರಿಲ್ ಹಾಕಿದಂತೆ ಗುಂಡಗೆ, 4ರಿಂದ 7 ಮಿ.ಮೀ. ಇದ್ದರೆ ಕಣಜವೇ. ಮೊಟ್ಟೆಯಾಕಾರವಿದ್ದು ಅಂಚು ಹರಕಾಗಿದ್ದರೆ ಉದ್ದಮೀಸೆಯ ಮನೆ ಜೀರುಂಡೆ ಇರಬಹುದು. ಅದು ಒಣಮರದಲ್ಲೇ ಪೀಳಿಗೆಗಟ್ಟಲೆ ಸಂಸಾರ ಹೂಡುತ್ತದೆ, ಆಗ ತಜ್ಞರನ್ನು ತಡಮಾಡದೆ ಕರೆಸಿ. ಕಣಜಕ್ಕೆ ಮೇಲ್ಮೈಗೆ ಹೊಡೆದ ಔಷಧಿ ದಂಡ: ಹುಳು ಆಳದಲ್ಲಿರುತ್ತದೆ, ಅದರ ದಾರಿಯೂ ಹುಡಿಯಿಂದ ಗಿಡಿದು ಮುಚ್ಚಿರುತ್ತದೆ.

ನಿಜವಾದ ನಷ್ಟ ಬೇರೆ ಕಡೆ. ಹೊರಬರುವಾಗ ಕಣಜ ಅಡ್ಡ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಜಿಪ್ಸಂ ಹಲಗೆ, ಕಾರ್ಪೆಟ್, ಸೀಸದ ತಗಡನ್ನೂ ಬಿಡದು. ಆವಿತಡೆ ಹಾಳೆಗೆ ತೂತು ಬಿದ್ದರೆ ಚಳಿಗಾಲದಲ್ಲಿ ಕೋಣೆಯ ಬೆಚ್ಚನೆ ಹಬೆ ಉಷ್ಣನಿರೋಧಕದೊಳಗೆ ನುಗ್ಗಿ ನೀರಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಗಾಗಿ ಜಂತೆಯ ತೂತಿನ ನೇರದಲ್ಲಿರುವ ಹಾಳೆಯನ್ನು ಪರೀಕ್ಷಿಸಿ, ಆ ಹಾಳೆಗೆಂದೇ ಇರುವ ಟೇಪಿನಿಂದ ಮುಚ್ಚಿಸಿ. ಪ್ರತಿ ತೂತಿನ ಪಕ್ಕ ಪೆನ್ಸಿಲ್‌ನಲ್ಲಿ ದಿನಾಂಕ ಬರೆಯಿರಿ. ಇನ್ನೊಂದೆರಡು ಬೇಸಿಗೆ ಹೊಸ ತೂತು ಕಾಣಬಹುದು, ಆಮೇಲೆ ನಿಲ್ಲುತ್ತದೆ. ದಪ್ಪ ಜಂತೆಗೆ ಮೂರು ತೂತು ಲೆಕ್ಕಕ್ಕಿಲ್ಲ. ಜೋಡಣೆಯ ಬಳಿ ಗುಂಪಾಗಿದ್ದರೆ ಮಾತ್ರ ಬಡಗಿಗೆ ತೋರಿಸಿ.

ಮುಂದೆ ಮರ ಕೊಳ್ಳುವಾಗ 55 ಡಿಗ್ರಿಗೆ ಕಡಿಮೆಯಿಲ್ಲದ ಶಾಖದಲ್ಲಿ ಕನಿಷ್ಠ 48 ಗಂಟೆ ಒಣಗಿಸಿ, ತೇವ ಶೇ. 20ಕ್ಕೆ ಇಳಿಸಿದ್ದನ್ನೇ ಕೇಳಿ. ಬರೀ ಗಾಳಿಗೆ ಒಣಗಿದ ಮರದಲ್ಲಿ ಹುಳು ಬದುಕಿಯೇ ಇರುತ್ತದೆ.