ಕಬ್ಬಿಣಾಂಶದ ಮಾತ್ರೆ ಹೊಟ್ಟೆಗೆ ಆಗ್ತಿಲ್ಲ, ನಿಲ್ಲಿಸಬಹುದಾ?

ದಯವಿಟ್ಟು ನೀವಾಗೇ ನಿಲ್ಲಿಸಬೇಡಿ. ಹತ್ತು ದಿನಕ್ಕೇ ಮಲ ಕಪ್ಪಾಗಿದೆ, ವಾಕರಿಕೆ ಬರುತ್ತಿದೆ, ಮಲಬದ್ಧತೆ ಶುರುವಾಗಿದೆ ಅಂತ ಬರೆದಿದ್ದೀರಿ. ಇದೇ ಕಾರಣಕ್ಕೆ ನಾನು ಎರಡು ಸಲ ಬಿಟ್ಟೆ. ಅದರಿಂದ ಸುಮಾರು ಒಂದು ವರ್ಷ ಸುಸ್ತಿನಲ್ಲೇ ಕಳೆಯಿತು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟಕ್ಕೆ ಇಳಿದು ವಾಪಸ್ ಹತ್ತುವಾಗ ಮೂರು ಕಡೆ ಕೂರುತ್ತಿದ್ದೆ. ಮಾರಿಕಾಂಬಾ ಜಾತ್ರೆಗೆ ಹೋದಾಗ ಬಿಡಕಿಬೈಲಿನ ಗದ್ದಲದಲ್ಲಿ ಕಣ್ಣಿಗೆ ಕತ್ತಲೆ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಹೆಂಗಸರಿಗೆ 12 ಆದರೂ ಇರಬೇಕು, ಬಸುರಿಯರಿಗೆ 11.

ಮೂರನೇ ಸಲ ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ಮಾತ್ರೆ ಯಾವಾಗ ತಗೊಳ್ತೀರಿ?' ತೆಳ್ಳೇವು ತಿಂದು, ಚಹಾ ಕುಡಿದು, ಅದರ ಮೇಲೇ ನುಂಗುತ್ತಿದ್ದೆ. ರಾತ್ರಿಗೆ ಬದಲಾಯಿಸಿದಾಗಲೂ ಹಾಲು ಹಾಕಿದ ಕಷಾಯದ ಜೊತೆಗೆ! ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ, ಆ್ಯಸಿಡಿಟಿ ಮಾತ್ರೆ, ಇವೆಲ್ಲ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಹತ್ತದೆ ಉಳಿದದ್ದು ಕರುಳಲ್ಲೇ ಕೂತು ಹೊಟ್ಟೆ ಕೆಡಿಸುತ್ತದೆ. ಈಗ ಮಾತ್ರೆಗೂ ಚಹಾಕ್ಕೂ ಎರಡು ಗಂಟೆ ಅಂತರ ಇಡುತ್ತೇನೆ. ನುಂಗುವುದು ಲಿಂಬು ಪಾನಕದ ಜೊತೆ. ಹುಳಿಯಲ್ಲಿರುವ ಸಿ ವಿಟಮಿನ್ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಡಬೇಕು.

ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಚೆನ್ನಾಗಿ ಹತ್ತುತ್ತದೆ, ನಿಜ. ಆದರೆ ವಾಕರಿಕೆ ತಡೆಯೋಕೆ ಆಗದಿದ್ದರೆ ಒಂದೆರಡು ತುತ್ತು ತಿಂದೇ ತಗೊಳ್ಳಿ. ಸ್ವಲ್ಪ ಕಮ್ಮಿ ಹತ್ತಿದರೂ ಪರವಾಗಿಲ್ಲ, ಬಿಡುವುದಕ್ಕಿಂತ ಒಳ್ಳೆಯದು.

ನನಗೆ ಜಾಸ್ತಿ ಉಪಯೋಗ ಆದದ್ದು ದಿನ ಬಿಟ್ಟು ದಿನ ತಗೊಂಡದ್ದು. ಒಂದು ಮಾತ್ರೆ ನುಂಗಿದ ಮೇಲೆ ಮೈಯಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನು ಏರುತ್ತದಂತೆ. ಸುಮಾರು 24 ಗಂಟೆ ಅದು ಇನ್ನಷ್ಟು ಕಬ್ಬಿಣಾಂಶವನ್ನು ಒಳಗೆ ಬಿಡುವುದಿಲ್ಲ. ಒಂದು ದಿನ ಬಿಟ್ಟರೆ ಪ್ರತಿ ಮಾತ್ರೆಯಿಂದಲೂ ಹೆಚ್ಚು ಹತ್ತುತ್ತದೆ, ಹೊಟ್ಟೆಗೂ ಹಗುರ. ಇದನ್ನು ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಮಾತ್ರೆ ಬೇರೆ ಥರದ್ದು ಆಗಬಹುದಾ ಅಂತಲೂ ಕೇಳಿ. ಬಸುರಿಯರು ಮಾತ್ರ ಕೇಳದೆ ಒಂದು ದಿನವೂ ತಪ್ಪಿಸಬಾರದು. ಅವರಿಗೆ ಸರ್ಕಾರಿ ಆಸ್ಪತ್ರೆಯಿಂದ ಕೊಡುವ ಕೆಂಪು ಮಾತ್ರೆ ದಿನಕ್ಕೊಂದರಂತೆ 180 ದಿನ ಇರುತ್ತದೆ.

ಮಲಬದ್ಧತೆಗೆ ಬಸಳೆ ಹುಳಿ, ನೆನೆಸಿದ ಒಣದ್ರಾಕ್ಷಿ, ಜಾಸ್ತಿ ನೀರು. ನನಗೆ ಇಷ್ಟರಲ್ಲೇ ಸರಿಹೋಯಿತು. ಬೆಲ್ಲ ತಿಂದರೆ ಸಾಕು, ಮಾತ್ರೆ ಯಾಕೆ ಅಂತ ಹೇಳುವವರು ಸಿಗುತ್ತಾರೆ. ಇಷ್ಟು ಕಮ್ಮಿ ಇದ್ದಾಗ ಬೆಲ್ಲದಿಂದ ಏರುವುದಿಲ್ಲ.

ಮಲ ಕಪ್ಪಾಗುವುದು ಈ ಮಾತ್ರೆಯಿಂದಲೇ, ಹೆದರಬೇಡಿ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ತೀರಾ ಕೆಟ್ಟ ವಾಸನೆ ಬಂದರೆ, ಜೊತೆಗೆ ತಲೆ ಸುತ್ತಿದರೆ, ಅದು ಹೊಟ್ಟೆಯೊಳಗಿನ ರಕ್ತ ಇರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನನಗೆ ಒಂದು ತಿಂಗಳಿಗೆ 9.6 ಆಯಿತು. 12 ದಾಟಿದ ಮೇಲೂ ಮೂರು ತಿಂಗಳು ಮುಂದುವರಿಸಿದೆ, ಮೈಯೊಳಗಿನ ದಾಸ್ತಾನು ತುಂಬಬೇಕಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾತ್ರೆ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ. ಪೆಪ್ಪರ್‌ಮಿಂಟ್ ಅಂದುಕೊಂಡು ನಾಲ್ಕಾರು ನುಂಗಿಬಿಟ್ಟರೆ ಜೀವಕ್ಕೇ ಅಪಾಯ.