ಪೈಲಟ್ ಯೂನಿಯನ್ ಒಪ್ಪಂದ: ಹೂಂ ಅನ್ನಬೇಕಾ, ಪಟ್ಟು ಹಿಡಿಯಬೇಕಾ?

ನೀವು ಕೇಳಿರುವುದು ಇದು: ಮಂಡ್ಯದಿಂದ ಹೋದ ನಿಮ್ಮ ತಮ್ಮ ಅಮೆರಿಕದ ಒಂದು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಯೂನಿಯನ್ ಮತ್ತು ಮ್ಯಾನೇಜ್‌ಮೆಂಟ್ ಮಾಡಿಕೊಂಡ ಕರಡು ಒಪ್ಪಂದ ಸದಸ್ಯರ ವೋಟಿಗೆ ಬಂದಿದೆ. ಬೇರೆ ಕಂಪನಿಯವರಿಗೆ ಜಾಸ್ತಿ ಸಿಕ್ಕಿದೆ, ಅದಕ್ಕೆ ‘ಬೇಡ’ ಅಂತ ಹಾಕುತ್ತೇನೆ ಅನ್ನುತ್ತಿದ್ದಾರೆ. ಮನೆಯವರು ‘ಬಂದಿದ್ದು ತಗೊಂಡು ಸುಮ್ನಿರು’ ಅನ್ನುತ್ತಿದ್ದಾರೆ. ಯಾರು ಸರಿ?

ನಾನು ಪೈಲಟ್ ಅಲ್ಲ. ಮೈಸೂರಿನ ಮೇಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಯೂನಿಯನ್ ಕಮಿಟಿಯಲ್ಲಿದ್ದೆ, ವೇತನ ಒಪ್ಪಂದದ ಮಾತುಕತೆಗೆ ಕೂತಿದ್ದೇನೆ. ಅಕ್ಕನ ಮಗ ಅಮೆರಿಕದಲ್ಲಿ ವಿಮಾನ ಓಡಿಸುತ್ತಾನೆ, ಹಾಗಾಗಿ ಅಲ್ಲಿನ ವಿಷಯವೂ ಸ್ವಲ್ಪ ಗೊತ್ತು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮನೆಯಲ್ಲಿ ಎರಡೂ ಕಡೆಯವರು ಪರ್ಸೆಂಟೇಜ್ ಹಿಡಿದುಕೊಂಡು ಜಗಳ ಆಡುತ್ತಿದ್ದೀರಿ. ನೋಡಬೇಕಾದ್ದು ಬೇರೆ: ಈಗ ಅವಸರ ಯಾರಿಗಿದೆ, ಮತ್ತೆ ಆ ಕರಡಿನಲ್ಲಿ ಒಮ್ಮೆ ಬಿಟ್ಟರೆ ವಾಪಸ್ ಬರದ ಅಂಶ ಯಾವುದು.

ಮೊದಲು ಅವಸರದ ಮಾತು. ಇಲ್ಲಿ ನಮಗೆ ಗೊತ್ತಿರುವ ದಾರಿ ಬೇಡಿಕೆ ಪಟ್ಟಿ, ಲೇಬರ್ ಆಫೀಸಿನಲ್ಲಿ ಸಂಧಾನ, ಆಗದಿದ್ದರೆ ಮುಷ್ಕರದ ನೋಟಿಸ್. ಅಮೆರಿಕದ ವಿಮಾನ ಕಂಪನಿಗಳಿಗೆ ಅನ್ವಯಿಸುವುದು ರೈಲ್ವೆ ಲೇಬರ್ ಆಕ್ಟ್. 1926ರಲ್ಲಿ ರೈಲಿಗೆಂದು ಮಾಡಿದ ಕಾನೂನು, 1936ರಲ್ಲಿ ವಿಮಾನಕ್ಕೂ ಬಂತು. ಅದರಲ್ಲಿ ಒಪ್ಪಂದದ ಅವಧಿ ಮುಗಿದರೂ ಒಪ್ಪಂದ ಸಾಯುವುದಿಲ್ಲ, ಹಳೇ ಸಂಬಳ, ಹಳೇ ನಿಯಮವೇ ನಡೆಯುತ್ತಿರುತ್ತವೆ. ನ್ಯಾಷನಲ್ ಮೀಡಿಯೇಷನ್ ಬೋರ್ಡ್ (ಸರ್ಕಾರದ ಸಂಧಾನ ಮಂಡಳಿ) ಇನ್ನು ಸಂಧಾನ ಸಾಕು ಅಂತ ಬಿಡುವವರೆಗೆ ಮುಷ್ಕರ ಮಾಡುವಂತಿಲ್ಲ. ಇಷ್ಟು ದಿನದೊಳಗೆ ಬಿಡಬೇಕು ಅಂತ ಆ ಬೋರ್ಡಿಗೆ ಯಾವ ಗಡುವೂ ಇಲ್ಲ. ಬಿಟ್ಟ ಮೇಲೆ ಇನ್ನೂ 30 ದಿನ ಕಾಯಬೇಕು. ಅದಾದ ಮೇಲೂ ಅಮೆರಿಕದ ಅಧ್ಯಕ್ಷರು ತಡೆಯಬಹುದು. 1997ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಮುಷ್ಕರ ಶುರು ಮಾಡಿದ ಕೆಲವೇ ನಿಮಿಷಕ್ಕೆ ಆಗಿನ ಅಧ್ಯಕ್ಷ ಕ್ಲಿಂಟನ್ ನಿಲ್ಲಿಸಿದರು!

ಅಂದರೆ ‘ಬೇಡ’ ಅಂತ ವೋಟ್ ಹಾಕಿದ ಮಾರನೇ ದಿನ ಮುಷ್ಕರ ಆಗುವುದಿಲ್ಲ. ಹಳೇ ಸಂಬಳ ಮುಂದುವರಿಯುತ್ತದೆ, ಅಷ್ಟೇ. ಅರಿಯರ್ಸ್ ಕೂಡ ತಾನಾಗಿ ಬರುವುದಿಲ್ಲ, ಅದಕ್ಕೂ ಚೌಕಾಸಿ ಮಾಡಬೇಕು. ಮನೆಯವರ ಭಯ ಸುಳ್ಳಲ್ಲ.

ಆದರೂ ಪಟ್ಟು ಹಿಡಿದು ಗೆದ್ದದ್ದುಂಟು. 2022ರ ನವೆಂಬರ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ಪೈಲಟ್‌ಗಳು ಕರಡು ಒಪ್ಪಂದವನ್ನು ಶೇ. 94ರಷ್ಟು ವೋಟಿನಿಂದ ತಿರಸ್ಕರಿಸಿದರು. 2023ರ ಮಾರ್ಚ್‌ನಲ್ಲಿ ಡೆಲ್ಟಾ ಏರ್‌ಲೈನ್ಸ್ ಪೈಲಟ್‌ಗಳಿಗೆ ನಾಲ್ಕು ವರ್ಷದಲ್ಲಿ ಶೇ. 34 ಏರಿಕೆ ಸಿಕ್ಕಿತು. ಆಮೇಲೆ ಯುನೈಟೆಡ್‌ನವರಿಗೆ ಶೇ. 40ರವರೆಗೂ ಬಂತು. ಅದನ್ನು ನೋಡಿ ಅಮೆರಿಕನ್ ಏರ್‌ಲೈನ್ಸ್‌ನವರು ಆಗಲೇ ಒಪ್ಪಿದ್ದ ಕರಡನ್ನೇ ಮೇಲಕ್ಕೆ ಎತ್ತಿಸಿಕೊಂಡರು. ಇದು ಬರೀ ಧೈರ್ಯದಿಂದ ಆದದ್ದಲ್ಲ. ಕೋವಿಡ್ ಹೊತ್ತಿನಲ್ಲಿ ಕಂಪನಿಗಳೇ ದುಡ್ಡು ಕೊಟ್ಟು ಹಿರಿಯ ಪೈಲಟ್‌ಗಳನ್ನು ಬೇಗ ನಿವೃತ್ತಿ ಮಾಡಿಸಿದ್ದವು, ಅಷ್ಟರಲ್ಲಿ ಪ್ರಯಾಣಿಕರು ವಾಪಸ್ ಬಂದರು. ಮಂಡ್ಯದವರಿಗೆ ಹೇಳಬೇಕಾ? ಕಟಾವಾದ ಕಬ್ಬು ಗದ್ದೆಯಲ್ಲಿದ್ದಾಗ ರೇಟಿಗೆ ಕಾಯೋಕೆ ಆಗಲ್ಲ. ಆ ವರ್ಷ ಒಣಗುತ್ತಿದ್ದ ಕಬ್ಬು ಮ್ಯಾನೇಜ್‌ಮೆಂಟಿನದು.

ಉಲ್ಟಾ ಆದದ್ದೂ ಇದೆ. 2012ರಲ್ಲಿ ಏರ್ ಇಂಡಿಯಾದ ಇಂಡಿಯನ್ ಪೈಲಟ್ಸ್ ಗಿಲ್ಡ್ 58 ದಿನ ಮುಷ್ಕರ ಮಾಡಿತು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ, ಏರ್ ಇಂಡಿಯಾದಲ್ಲಿ ವಿಲೀನವಾದ ಹಳೇ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳಿಗೆ ಕೊಡಬಾರದು ಅನ್ನುವುದು ಮುಖ್ಯ ಜಗಳ. ಅಂದರೆ ಎದುರಾಳಿ ಮ್ಯಾನೇಜ್‌ಮೆಂಟ್ ಮಾತ್ರ ಅಲ್ಲ, ಅದೇ ಕಂಪನಿಯ ಇನ್ನೊಂದು ಗುಂಪು ಕೂಡ. ಸುಮಾರು ನೂರು ಪೈಲಟ್‌ಗಳು ವಜಾ ಆದರು, ಯೂನಿಯನ್ ಮಾನ್ಯತೆ ಹೋಯಿತು. ಕೊನೆಗೆ ಬೇಡಿಕೆ ಈಡೇರದೆಯೇ ಡ್ಯೂಟಿಗೆ ಮರಳಬೇಕಾಯಿತು. ಒಳಗೇ ಒಡಕಿರುವಾಗ ಪಟ್ಟು ಹಿಡಿಯುವುದು ಬೇಡ.

ಈಗ ವಾಪಸ್ ಬರದ ಅಂಶದ ಮಾತು. ನನಗೆ ಇದೇ ಮುಖ್ಯ. ಪೈಲಟ್ ಒಪ್ಪಂದದಲ್ಲಿ ‘ಸ್ಕೋಪ್’ ಅಂತ ಒಂದು ಭಾಗ ಇರುತ್ತದೆ. ಕಂಪನಿಯ ಹೆಸರಿನಲ್ಲಿ ಹಾರುವ ವಿಮಾನಗಳಲ್ಲಿ ಎಷ್ಟನ್ನು, ಎಷ್ಟು ದೊಡ್ಡದನ್ನು ಕಡಿಮೆ ಸಂಬಳದ ಸಣ್ಣ ಕಂಪನಿಗಳಿಗೆ ವಹಿಸಬಹುದು ಅನ್ನುವುದು ಅದು. 2001ರ ನಂತರದ ದಿವಾಳಿ ವರ್ಷಗಳಲ್ಲಿ ಪೈಲಟ್‌ಗಳು ಸಂಬಳ ಬಿಟ್ಟರು (ಡೆಲ್ಟಾದವರು 2004ರಲ್ಲಿ ಶೇ. 32.5 ಕಡಿತ ಒಪ್ಪಿದರು), ಸ್ಕೋಪನ್ನೂ ಸಡಿಲ ಬಿಟ್ಟರು. ಸಣ್ಣ ಕಂಪನಿಗಳಿಗೆ ವಹಿಸಬಹುದಾದ ವಿಮಾನದ ಮಿತಿ ಬರಬರುತ್ತಾ 76 ಸೀಟಿನವರೆಗೆ ಏರಿತು. ಸಂಬಳ ಮತ್ತೆ ಬಂತು. ಆ ಸೀಟುಗಳು ಇವತ್ತಿಗೂ ವಾಪಸ್ ಬಂದಿಲ್ಲ.

ನಮ್ಮ ಕಾರ್ಖಾನೆಯಲ್ಲೂ ಇದೇ ಕತೆ. ಗೇಟ್ ಮೀಟಿಂಗ್‌ನಲ್ಲಿ ಎಲ್ಲರದೂ ಒಂದೇ ಕೂಗು: ತಿಂಗಳಿಗೆ ಎಷ್ಟು ಸಾವಿರ? ಒಳಗಡೆ ನಿಜವಾದ ಜಗಳ ನಡೆಯುತ್ತಿದ್ದುದು ಪರ್ಮನೆಂಟ್ ಜಾಗಗಳಿಗೆ ಕಾಂಟ್ರಾಕ್ಟ್ ಲೇಬರ್ ತುಂಬುವ ಒಂದು ಸಾಲಿನ ಬಗ್ಗೆ. ನಾವು ಆ ಸಾಲನ್ನು ತೆಗೆಸಿದೆವು, ಬದಲಿಗೆ ಸಂಬಳದಲ್ಲಿ ಸ್ವಲ್ಪ ಇಳಿದೆವು. ಮಾರಿಕೊಂಡರು ಅಂತ ಬೈಸಿಕೊಂಡೆವು. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ.

ಪೈಲಟ್‌ಗೆ ಇದು ಇನ್ನೂ ಗಟ್ಟಿ ವಿಷಯ. ಹೂಟಗಳ್ಳಿ, ಹೆಬ್ಬಾಳದ ಐಟಿ ಹುಡುಗರ ಹಾಗೆ ಹೈಕ್ ಕೊಡಲಿಲ್ಲ ಅಂತ ಕಂಪನಿ ಬದಲಿಸುವುದು ಅವರಿಗೆ ಸುಲಭವಲ್ಲ. ಅಲ್ಲಿ ರೂಟು, ರಜೆ, ಕ್ಯಾಪ್ಟನ್ ಆಗುವುದು ಎಲ್ಲಾ ಸೀನಿಯಾರಿಟಿ ಮೇಲೆ. ಬೇರೆ ಕಂಪನಿಗೆ ಹೋದರೆ ಪಟ್ಟಿಯ ಕೊನೆಯಿಂದ ಶುರು.

ಹಾಗಾಗಿ ತಮ್ಮನಿಗೆ ಹೇಳಿ: ಸಂಬಳದ ಪುಟ ಪಕ್ಕಕ್ಕಿಟ್ಟು ಸ್ಕೋಪ್, ವಿಶ್ರಾಂತಿ, ರಿಸರ್ವ್ ಡ್ಯೂಟಿ (ಕರೆ ಬಂದರೆ ಹಾರಲು ಸಿದ್ಧವಾಗಿ ಕಾಯುವುದು) ಭಾಗ ಮೊದಲು ಓದಲಿ. ಅಲ್ಲಿ ಏನಾದರೂ ಬಿಟ್ಟುಕೊಟ್ಟಿದ್ದರೆ ‘ಬೇಡ’ ಅನ್ನಲಿ, ನಾನೂ ಅದನ್ನೇ ಅನ್ನುತ್ತಿದ್ದೆ. ಅಲ್ಲೆಲ್ಲ ಸರಿಯಿದ್ದು ಬೇರೆಯವರಿಗಿಂತ ಎರಡು ಮೂರು ಪರ್ಸೆಂಟ್ ಕಡಿಮೆ ಅನ್ನುವುದಷ್ಟೇ ಸಿಟ್ಟಾದರೆ, ತಮ್ಮ ಯೂನಿಯನ್ ಪ್ರತಿನಿಧಿಯನ್ನು ಕೇಳಲಿ: ಇದು ಬಿದ್ದರೆ ಮುಂದಿನ ಮಾತುಕತೆ ಯಾವಾಗ, ಮುಷ್ಕರಕ್ಕೆ ಸದಸ್ಯರ ಒಪ್ಪಿಗೆ ಪಡೆದಿದ್ದೀರಾ, ಕಂಪನಿ ಈಗ ಪೈಲಟ್‌ಗಳನ್ನು ಸೇರಿಸಿಕೊಳ್ಳುತ್ತಿದೆಯಾ ಅಥವಾ ನೇಮಕಾತಿ ನಿಲ್ಲಿಸಿದೆಯಾ? ನೇಮಕಾತಿ ನಿಲ್ಲಿಸಿದ್ದರೆ ನಾನಂತೂ ಹೂಂ ಅಂತ ವೋಟ್ ಹಾಕುತ್ತಿದ್ದೆ.