ಮೊದಲು ಕೋರ್, ಆಮೇಲೆ ಮಷೀನ್
ಓದುಗರ ಪ್ರಶ್ನೆಗಳಿಗೆ ಉತ್ತರ: ಅದಿರು ಭೂವಿಜ್ಞಾನದ ಓದು ಮತ್ತು ಸಂಶೋಧನೆ

ಪ್ರಶ್ನೆ: ಮೇಡಂ, ಭೂವಿಜ್ಞಾನದಲ್ಲಿ ಎಂ.ಎಸ್‌ಸಿ. ಮುಗಿಸುತ್ತಿದ್ದೇನೆ. ಅದಿರು ನಿಕ್ಷೇಪಗಳ ಮೇಲೆ ಸಂಶೋಧನೆ ಮಾಡಿ ಮುಂದೆ ಪಾಠ ಹೇಳಬೇಕೆಂಬ ಆಸೆಯಿದೆ. ಈ ನಡುವೆ ಅನ್ವೇಷಣಾ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಒಮ್ಮೆ ಸಂಬಳದ ರುಚಿ ಹತ್ತಿದರೆ ಓದು ಕೈತಪ್ಪಿದಂತೆಯೇ ಎಂದು ಗೆಳತಿಯರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಕೆಲಸಕ್ಕೆ ಹೋಗಿ. ಎರಡು ವರ್ಷ, ಹೆಚ್ಚೆಂದರೆ ಮೂರು. ನಾನು ಹಾಗೆ ಮಾಡದೆ ನೇರವಾಗಿ ಪಿಎಚ್.ಡಿ.ಗೆ ಸೇರಿದವಳು. ಅದಕ್ಕೆ ತೆತ್ತ ಬೆಲೆ ಒಂದು ಪೂರ್ತಿ ವರ್ಷ.

ನಾನು ಡ್ರಿಲ್ ಕೋರನ್ನು, ಅಂದರೆ ನೆಲ ಕೊರೆದು ತೆಗೆದ ಕಲ್ಲಿನ ಕೋಲನ್ನು, ಮೊದಲ ಸಲ ಮುಟ್ಟಿದ್ದೇ ಸಂಶೋಧನೆಗೆ ಸೇರಿದ ಮೇಲೆ. ಎನ್‌ಕ್ಯೂ ಅಳತೆಯ ಕೋರ್, 47.6 ಮಿಲಿಮೀಟರ್ ದಪ್ಪ, ಮುಷ್ಟಿಯಲ್ಲಿ ಹಿಡಿಯುವಂಥದ್ದು. ಬಾಕ್ಸಿನ ತುಂಬ ಬೂದುಬಣ್ಣದ ಕಲ್ಲು, ಅದರ ಮೈಯೆಲ್ಲ ಬೆಣಚುಕಲ್ಲಿನ ಬಿಳಿ ಎಳೆಗಳು. ನನ್ನ ಕಣ್ಣಿಗೆ ಎಲ್ಲ ಎಳೆಗಳೂ ಒಂದೇ. ಅವುಗಳಿಂದ ಗಂಧಕವಿರುವ ಸಲ್ಫೈಡ್ ಖನಿಜ ಬಿಡಿಸಿ, ಪುಡಿ ಮಾಡಿ, ಗಂಧಕದ ಐಸೊಟೋಪ್ (ತೂಕದಲ್ಲಿ ಬೇರೆಯಾದ ಪರಮಾಣುಗಳು) ಅಳೆಯಲು ಕಳಿಸಿದೆ. ಬಂದ ಅಂಕಿಗಳನ್ನು ಗ್ರಾಫಿನಲ್ಲಿ ಹಾಕಿದರೆ ಕಾಳು ಚೆಲ್ಲಿದ ಹಾಗೆ ಹರಡಿಕೊಂಡವು. ತಿಂಗಳುಗಟ್ಟಲೆ ಆ ಚುಕ್ಕೆಗಳಿಗೆ ಅರ್ಥ ಹಚ್ಚಲು ಹೆಣಗಾಡಿದೆ. ಅರ್ಥ ಇದ್ದರಲ್ಲವೇ ಹಚ್ಚುವುದು!

ಮರುವರ್ಷ ಕೋರ್ ಶೆಡ್ಡಿನಲ್ಲಿ ಹಿರಿಯ ಸೈಟ್ ಜಿಯಾಲಜಿಸ್ಟ್ ಒಬ್ಬರು ನನ್ನ ಪಕ್ಕ ಕೂತರು. ಸ್ಪಂಜನ್ನು ನೀರಿಗೆ ಅದ್ದಿ ಕೋರಿನ ಮೇಲೆ ಒಂದು ಸಲ ಎಳೆದರು. ಒದ್ದೆಯಾದ ಕಲ್ಲು ಬೇರೆಯೇ ಕಲ್ಲಾಯಿತು. ‘ಈ ಮಾಸಲು ಎಳೆ ನೋಡಮ್ಮ, ಡೊಂಕುಡೊಂಕು. ಇದನ್ನು ಕತ್ತರಿಸಿಕೊಂಡು ಹೋಗಿರುವುದು ಈ ನೇರ ಬಿಳಿ ಎಳೆ. ಇವೆರಡನ್ನೂ ದಾಟಿದೆ ಈ ಮೂರನೆಯದು, ಇಕ್ಕೆಲದಲ್ಲಿ ಅಭ್ರಕದ ಹೊಳಪು ಇದೆಯಲ್ಲ, ಅದು.’ ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಕಣ್ಣಿಗೆ ಹಿಡಿದರೆ ತಾಮ್ರದ ಖನಿಜ ಚಾಲ್ಕೋಪೈರೈಟ್ ಇದ್ದದ್ದು ನಡುವಿನ ಎಳೆಯಲ್ಲಿ ಮಾತ್ರ. ಅಂದರೆ ತಾಮ್ರ ಬಂದದ್ದು ಎರಡನೆಯ ಸರದಿಯಲ್ಲಿ. ನಾನು ಮೂರು ಬೇರೆ ಬೇರೆ ಕಾಲಗಳನ್ನು ಒಂದೇ ಒರಳಿಗೆ ಹಾಕಿ ಕುಟ್ಟಿದ್ದೆ. ಅಳತೆ ಮಾಡಿದ ಯಂತ್ರದಲ್ಲಿ ತಪ್ಪಿರಲಿಲ್ಲ.

ಈ ಕಣ್ಣು ಪಾಠದ ಕೋಣೆಯಲ್ಲಿ ಬರುವುದಿಲ್ಲ. ದಿನಕ್ಕೆ ಹತ್ತಾರು ಮೀಟರ್ ಕೋರ್ ನೋಡಿ, ಬರೆದು, ನಾಳೆ ಅದನ್ನೇ ತಿದ್ದಿ ಬರೆಯುವ ಕೆಲಸದಲ್ಲಿ ಬರುತ್ತದೆ. ಅಲ್ಲಿಂದ ಹೊರಡುವಾಗ ನಿಮ್ಮ ನೋಟ್‌ಬುಕ್ಕಿನಲ್ಲಿ ನಿಮ್ಮದೇ ಪ್ರಶ್ನೆಯೊಂದು ಇರಬೇಕು: ಈ ಎಳೆಯಲ್ಲಿ ತಾಮ್ರವಿದೆ, ಪಕ್ಕದ್ದರಲ್ಲಿ ಯಾಕಿಲ್ಲ? ಅದನ್ನು ಹಿಡಿದು ಗೈಡನ್ನು ಹುಡುಕಿ. ಗೈಡ್ ಕೊಟ್ಟ ಪ್ರಶ್ನೆಗೆ ಉತ್ತರ ಹುಡುಕುವವರು ನೂರು ಜನ. ಸ್ವಂತ ಪ್ರಶ್ನೆ ತಂದವರನ್ನು ಯಾವ ಒಳ್ಳೆಯ ಗೈಡೂ ಬಿಟ್ಟುಕೊಡುವುದಿಲ್ಲ.

ಇನ್ನು ಪಾಠ ಹೇಳುವ ಹುದ್ದೆಯ ಮಾತು. ಪಿಎಚ್.ಡಿ. ಬ್ರಿಟನ್, ಆಸ್ಟ್ರೇಲಿಯಾ ಕಡೆ ಮೂರು-ನಾಲ್ಕು ವರ್ಷ. ಉತ್ತರ ಅಮೆರಿಕದಲ್ಲಿ ಐದು ಹಿಡಿದರೂ ಅಚ್ಚರಿಯಿಲ್ಲ. ಆಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಹುದ್ದೆ, ಒಂದು ಅಥವಾ ಎರಡು, ಒಂದೊಂದೂ ಒಂದೆರಡು ವರ್ಷದ್ದು, ಬೇರೆ ಬೇರೆ ಊರುಗಳಲ್ಲಿ. ಅಷ್ಟಾದ ಮೇಲೂ ಕಾಯಂ ಹುದ್ದೆ ಕಡಿಮೆಯೇ. ಎಷ್ಟೋ ಭೂವಿಜ್ಞಾನ ವಿಭಾಗಗಳಲ್ಲಿ ಅದಿರಿಗೆಂದು ಇರುವವರು ಒಬ್ಬರೇ, ಅವರು ನಿವೃತ್ತರಾದರೆ ಮಾತ್ರ ಜಾಗ ಖಾಲಿ. ಅದಿರಿಗೇ ಮೀಸಲಾದ ದೊಡ್ಡ ತಂಡಗಳೆಂದರೆ ತಾಸ್ಮೇನಿಯಾ ವಿಶ್ವವಿದ್ಯಾಲಯದ ಕೋಡ್ಸ್, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಂಡಿಆರ್‌ಯು, ಕೊಲರಾಡೊ ಸ್ಕೂಲ್ ಆಫ್ ಮೈನ್ಸ್, ಪರ್ತ್‌ನ ಸೆಂಟರ್ ಫಾರ್ ಎಕ್ಸ್‌ಪ್ಲೊರೇಷನ್ ಟಾರ್ಗೆಟಿಂಗ್, ಹೀಗೆ ಕೆಲವೇ. ಉಳಿದವರು ಸರ್ಕಾರಿ ಭೂಸರ್ವೇಕ್ಷಣೆಗೆ, ಕಂಪನಿಗಳ ಸಂಶೋಧನಾ ವಿಭಾಗಕ್ಕೆ, ಸಲಹೆಗಾರಿಕೆಗೆ ಹೋಗುತ್ತಾರೆ. ಅದನ್ನು ಸೋಲೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಅರಿಜೋನಾದ ಸ್ಯಾನ್ ಮ್ಯಾನುಯೆಲ್ ತಾಮ್ರದ ಕಥೆ ನೋಡಿ. ಅಲ್ಲಿ ಅದಿರಿನ ಸುತ್ತ ಕಲ್ಲು ಮಾರ್ಪಟ್ಟಿದ್ದ ವಲಯಗಳು ಸುತ್ತು ಪೂರ್ತಿಯಾಗದೆ ನಿಂತಿದ್ದವು. ಡೇವಿಡ್ ಲೊವೆಲ್ ಅನ್ವೇಷಣೆಯ ಮನುಷ್ಯ. ಉಳಿದರ್ಧವನ್ನು ಸ್ತರಭಂಗ, ಅಂದರೆ ಶಿಲೆಗಳು ಸೀಳಿ ಸರಿದ ಬಿರುಕು, ಜಾರಿಸಿಕೊಂಡು ಹೋಗಿರಬೇಕು ಎಂದು ಲೆಕ್ಕ ಹಾಕಿ ಕೊರೆಸಿದರು, ಕಲಮಜೂ ನಿಕ್ಷೇಪ ಸಿಕ್ಕಿತು. ಆಮೇಲೆ ಪ್ರಾಧ್ಯಾಪಕ ಜಾನ್ ಗಿಲ್ಬರ್ಟ್ ಜೊತೆ ಕೂತು 1970ರಲ್ಲಿ ‘ಇಕನಾಮಿಕ್ ಜಿಯಾಲಜಿ’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಇವತ್ತಿಗೂ ಪಾರ್ಫಿರಿ ತಾಮ್ರ (ಈ ಬಗೆಯ ನಿಕ್ಷೇಪಗಳ ಹೆಸರು) ಓದುವ ಪ್ರತಿಯೊಬ್ಬರೂ ಓದುತ್ತಾರೆ. ಕಲ್ಲು ಮಾರ್ಪಟ್ಟ ಆ ವಲಯಗಳನ್ನು ನಡುವೆ ಪೊಟ್ಯಾಸಿಕ್, ಅದರ ಸುತ್ತ ಫಿಲ್ಲಿಕ್, ಹೊರಗೆ ಪ್ರೊಪಿಲಿಟಿಕ್ ಎಂದು ನಾನು ಹಲಗೆಯ ಮೇಲೆ ಬರೆಯುವಾಗಲೆಲ್ಲ ಅದು ಕೋರ್ ಶೆಡ್ಡಿನಿಂದ ಬಂದ ಜ್ಞಾನವೆಂದು ಹೇಳಿಯೇ ಮುಂದೆ ಹೋಗುವುದು.

ಪ್ರಶ್ನೆ: ನನ್ನ ಪಿಎಚ್.ಡಿ.ಗೆ ಗಣಿ ಕಂಪನಿ ದುಡ್ಡು ಕೊಡುತ್ತದಂತೆ. ಒಪ್ಪಂದಕ್ಕೆ ಸಹಿ ಹಾಕಬೇಕು. ಓದಿದರೆ ತಲೆಬುಡ ತಿಳಿಯುವುದಿಲ್ಲ. ಹಾಕಿಬಿಡಲೇ?

ಉತ್ತರ: ಓದದೆ ಹಾಕಬೇಡಿ. ಮೂರು ವಿಷಯ ಬರವಣಿಗೆಯಲ್ಲಿರಲಿ. ಪ್ರಬಂಧ ಪ್ರಕಟಿಸುವ ಮುನ್ನ ಅವರು ಎಷ್ಟು ದಿನದೊಳಗೆ ಓದಿ ಒಪ್ಪಿಗೆ ಕೊಡಬೇಕು? ಗಣಿ ಬೇರೆಯವರ ಕೈಗೆ ಹೋದರೆ ಕೋರ್ ನೋಡುವ ನಿಮ್ಮ ಹಕ್ಕು ಉಳಿಯುತ್ತದೆಯೇ? ಲೋಹದ ಬೆಲೆ ಬಿದ್ದು ಅವರು ಕೈ ಎತ್ತಿದರೆ ನಿಮ್ಮ ಉಳಿದ ವರ್ಷಗಳ ವಿದ್ಯಾರ್ಥಿವೇತನ ಯಾರ ಜವಾಬ್ದಾರಿ? ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಲೆ ಇಳಿದಾಗ ಕಂಪನಿಗಳು ಕತ್ತರಿ ಹಾಕುವುದು ಮೊದಲು ಅನ್ವೇಷಣೆಗೇ.

ನನ್ನ ವಿದ್ಯಾರ್ಥಿಯೊಬ್ಬನ ಒಪ್ಪಂದದಲ್ಲಿ ‘ಸೂಕ್ತ ಕಾಲಾವಕಾಶ’ ಎಂದು ಬರೆದಿತ್ತು. ನಾನೂ ಓದಿದ್ದೆ, ಸರಿಯೇ ಇದೆ ಎಂದುಕೊಂಡೆ. ಆ ಕಂಪನಿಗೆ ಎರಡು ವರ್ಷವೂ ಸೂಕ್ತ ಕಾಲಾವಕಾಶವೇ ಆಯಿತು. ಹುಡುಗನ ಲೇಖನ ಕಪಾಟಿನಲ್ಲಿ ಕೂತಿರುವಾಗ ಅವನು ಅರ್ಜಿ ಹಾಕಿದ್ದ ಹುದ್ದೆ ಬೇರೆಯವರ ಪಾಲಾಯಿತು. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ. ಆಗಿನಿಂದ ದಿನಗಳನ್ನು ಅಂಕಿಯಲ್ಲಿ ಬರೆಸದೆ ನಾನು ಸಹಿ ಹಾಕುವುದಿಲ್ಲ. ಅಂಕಿ ಬರೆಯಲು ಒಪ್ಪದವರ ದುಡ್ಡು ಬೇಡ.

ಪ್ರಶ್ನೆ: ಸಿಗಬೇಕಾದದ್ದೆಲ್ಲ ಸಿಕ್ಕಾಗಿದೆ, ಉಳಿದದ್ದನ್ನು ಕಂಪ್ಯೂಟರ್ ಹುಡುಕುತ್ತದೆ ಎನ್ನುತ್ತಾರೆ. ಹಾಗಿದ್ದರೆ ನಾವು ಕಲ್ಲು ನೋಡುವುದನ್ನು ಯಾಕೆ ಕಲಿಯಬೇಕು?

ಉತ್ತರ: ಸಿಕ್ಕಿರುವುದರಲ್ಲಿ ಹೆಚ್ಚಿನವು ನೆಲದ ಮೇಲೆ ಕಂಡದ್ದು ಅಥವಾ ಅದರ ಆಸುಪಾಸಿನದ್ದು. ಮಣ್ಣು, ಮರಳು, ಎಳೆಯ ಶಿಲೆಗಳ ಹೊದಿಕೆಯ ಕೆಳಗೆ ಇರುವುದನ್ನು ನಾವಿನ್ನೂ ಸರಿಯಾಗಿ ನೋಡಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ಸಿಕ್ಕಿದ್ದು 1975ರಲ್ಲಿ, ಸುಮಾರು 350 ಮೀಟರ್ ಹೊದಿಕೆಯ ಕೆಳಗೆ. ಮೇಲೆ ತಾಮ್ರದ ಒಂದು ಕಲೆಯೂ ಇರಲಿಲ್ಲ. ಬಸಾಲ್ಟ್ ಶಿಲೆ ತಾಮ್ರವನ್ನು ಕಳೆದುಕೊಂಡಿದ್ದರೆ ಅದು ಎಲ್ಲೋ ಸೇರಿರಬೇಕು ಎಂಬ ಊಹೆ ಒಂದು ಕಡೆ, ಗುರುತ್ವ ಮತ್ತು ಕಾಂತತ್ವದ ಏರಿಳಿತ ಒಂದೇ ಜಾಗದಲ್ಲಿ ಕೂಡಿದ್ದು ಇನ್ನೊಂದು ಕಡೆ. ಎರಡನ್ನೂ ನಂಬಿ ಕೊರೆದರು. ಸಿಕ್ಕಿದ್ದು ಅವರು ಎಣಿಸಿದ್ದ ಬಗೆಯ ನಿಕ್ಷೇಪವಲ್ಲ, ಬೇರೆಯದೇ ಬಗೆ. ಅದನ್ನು ಅರ್ಥ ಮಾಡಿಕೊಳ್ಳುವ ಕೆಲಸ ಇವತ್ತಿಗೂ ನಡೆಯುತ್ತಿದೆ.

ಕಂಪ್ಯೂಟರನ್ನು ಖಂಡಿತ ಕಲಿಯಿರಿ. ಆದರೆ ಅದಕ್ಕೆ ‘ಇಲ್ಲಿ ಅದಿರಿದೆ, ಇಲ್ಲಿಲ್ಲ’ ಎಂದು ಹೇಳಿಕೊಡುವುದು ನಾವು. ‘ಇದೆ’ ಎಂಬ ಜಾಗಗಳು ಕೆಲವೇ. ‘ಇಲ್ಲ’ ಎಂದು ಗುರುತು ಹಾಕಿದ ಜಾಗಗಳಲ್ಲಿ ಎಷ್ಟೋ ಕಡೆ ಯಾರೂ ಕೊರೆದೇ ಇಲ್ಲ. ಯಾವ ‘ಇಲ್ಲ’ವನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ಹೇಳಬೇಕಾದರೆ ಆ ನೆಲದಲ್ಲಿ ಓಡಾಡಿರಬೇಕು, ಹಳೆಯ ಕೋರ್ ಲಾಗ್ (ಕೋರ್ ನೋಡಿ ಬರೆದಿಟ್ಟ ದಾಖಲೆ) ಬರೆದವರು ಯಾವುದಕ್ಕೆ ಏನು ಹೆಸರಿಟ್ಟಿದ್ದರೆಂದು ತಿಳಿದಿರಬೇಕು.

ಪ್ರಶ್ನೆ: ನಾನು ರಸಾಯನಶಾಸ್ತ್ರದ ವಿದ್ಯಾರ್ಥಿ. ಈ ಕ್ಷೇತ್ರದಲ್ಲಿ ನನಗೆ ಜಾಗವಿದೆಯೇ?

ಉತ್ತರ: ಇದೆ, ಧಾರಾಳವಾಗಿ. ಭೂಮಿಯ ಹೊರಪದರದ ಒಂದು ಟನ್ ಕಲ್ಲಿನಲ್ಲಿ ಸರಾಸರಿ ತಾಮ್ರ ಸುಮಾರು 27 ಗ್ರಾಂ. ಅರ್ಧ ಶೇಕಡಾ ತಾಮ್ರವಿರುವ ಅದಿರಿನಲ್ಲಿ ಟನ್ನಿಗೆ 5 ಕಿಲೊ. ಅಷ್ಟು ತಾಮ್ರವನ್ನು ಒಂದೆಡೆ ಕೂಡಿಸಿದ್ದು ಬಿಸಿನೀರು, ಅದರಲ್ಲಿ ಕರಗಿದ ಕ್ಲೋರೈಡು, ಗಂಧಕ. ಇದು ನಿಮ್ಮದೇ ಶಾಸ್ತ್ರ. 1979ರಲ್ಲಿ ಪೂರ್ವ ಪೆಸಿಫಿಕ್‌ನ ಸಾಗರತಳದಲ್ಲಿ ಕಪ್ಪು ಹೊಗೆಯಂತೆ ಉಕ್ಕುವ ಬಿಸಿನೀರಿನ ಚಿಮಣಿಗಳನ್ನು ಕಂಡಾಗ, ಅದಿರು ಕೂಡುವುದನ್ನು ಕಣ್ಣಾರೆ ನೋಡಿದಂತಾಯಿತು. ಮಾಲಿಬ್ಡಿನೈಟ್ ಎಂಬ ಖನಿಜದಲ್ಲಿ ರೇನಿಯಂ ಕ್ಷಯಿಸಿ ಆಸ್ಮಿಯಂ ಆಗುವುದನ್ನು ಅಳೆದು ಅದಿರಿನ ವಯಸ್ಸು ಹೇಳುವ ಪ್ರಯೋಗಾಲಯಗಳಿಗೂ ನಿಮ್ಮಂಥವರು ಬೇಕು.

ಶುರು ಮಾಡಲು ಹತ್ತಿರದ ದಾರಿ ಹೇಳುತ್ತೇನೆ. ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ ಹೋಗಿ, ಅದಿರಿನ ಬೆಣಚುಕಲ್ಲನ್ನು ತೆಳುವಾಗಿ ಸೀಳಿ ಎರಡೂ ಕಡೆ ಹೊಳಪು ಕೊಟ್ಟ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ ಎಂದು ಕೇಳಿ. ಹರಳಿನೊಳಗೆ ಕೆಲವೇ ಮೈಕ್ರಾನಿನ ಗೂಡುಗಳು ಕಾಣುತ್ತವೆ. ಒಳಗೆ ಅಂದಿನ ಬಿಸಿನೀರು, ಒಂದು ಗುಳ್ಳೆ, ಪುಣ್ಯವಿದ್ದರೆ ಚೌಕಾಕಾರದ ಉಪ್ಪಿನ ಹರಳು. ಈ ಗುಳ್ಳೆಯಿಂದ ಹರಳು ಬೆಳೆದಾಗಿನ ಉಷ್ಣತೆಯನ್ನು ಅಂದಾಜು ಮಾಡಬಹುದೆಂದು ಹೆನ್ರಿ ಸಾರ್ಬಿ 1858ರಲ್ಲೇ ತೋರಿಸಿದರು. ಬಿಲ್ಲೆಯನ್ನು ಮೆಲ್ಲಗೆ ಕಾಯಿಸುತ್ತ ಹೋದರೆ ಗುಳ್ಳೆ ಕುಗ್ಗುತ್ತದೆ, ನಡುಗುತ್ತದೆ, ಒಂದು ಕ್ಷಣ ಚುಕ್ಕೆಯಾಗಿ ಓಡಾಡಿ ಮಾಯವಾಗುತ್ತದೆ. ಆ ಕ್ಷಣದ ಉಷ್ಣತೆ ಬರೆದುಕೊಳ್ಳಿ. ಜೊತೆಗೆ ಆ ಬಿಲ್ಲೆ ಯಾವ ಕೋರಿನ ಎಷ್ಟನೆಯ ಮೀಟರಿನದು, ಯಾವ ಎಳೆಯದು ಎಂದು ಕೇಳಿ ಬರೆದುಕೊಳ್ಳಿ. ಹೇಳಲು ಅವರಿಗೆ ಗೊತ್ತಿಲ್ಲದಿದ್ದರೆ ಬೇರೆ ಬಿಲ್ಲೆ ಕೇಳಿ.